ಲಜ್ಜೆಯೂ ರಕ್ಷೆಯೂ

ಕನಕಪುರದ ಸೀಮೆಯಲ್ಲಿ, ಕೋಡಿಹಳ್ಳಿಯಂತಹ ಊರುಗಳಲ್ಲಿ, ರೇಷ್ಮೆಹುಳುಗಳನ್ನು ಸಾಕುವ ಮನೆಗೆ ಹುಳುಮನೆಯೆಂದು ಹೆಸರು. ಆ ಮನೆಯ ಬಾಗಿಲಿಗೆ ಒಂದು ಕಟ್ಟಳೆಯುಂಟು. ಹೊಸ ಬೆಳೆಗೆ ಹುಳುಗಳನ್ನು ತರುವುದಕ್ಕೆ ಮೊದಲು ಗೋಡೆ, ನೆಲ, ತಟ್ಟೆ, ಚಂದ್ರಿಕೆ ಎಲ್ಲವನ್ನೂ ತೊಳೆದು ಸೋಂಕು ಕಳೆಯುವ ನೀರನ್ನು ಸಿಂಪಡಿಸುವರು. ಹುಳು ಬಂದ ಮೇಲೆ ಕೈಕಾಲು ತೊಳೆಯದೆ ಯಾರೂ ಒಳಗೆ ಅಡಿಯಿಡತಕ್ಕದ್ದಲ್ಲ. ಹತ್ತಿರದ ನೆಂಟನೇ ಬರಲಿ, ಊರಿನ ಹಿರಿಯನೇ ಬರಲಿ, ‘ಕಾಲು ತೊಳ್ಕೊಂಡು ಬನ್ನಿ, ಮಾವ’ ಎಂದು ಮನೆಯಾಕೆ ನೀರಿನ ಚೊಂಬನ್ನು ಮುಂದಿಡುವಳು. ಬಂದಾತನು ಇದನ್ನು ಅವಮಾನವೆಂದು ಎಣಿಸುವುದಿಲ್ಲ. ‘ನನ್ನ ಕಾಲಿನಲ್ಲಿ ರೋಗವುಂಟೆಂದು ಹೇಳುವೆಯಾ?’ ಎಂದು ಕೇಳುವುದೂ ಇಲ್ಲ. ಆ ನೀರು ಯಾರ ಮೇಲೂ ಹೊರಿಸಿದ ಆರೋಪವಲ್ಲ. ಅದು ಆ ಕಸುಬಿನ ನಡೆ.

ಈ ಎಚ್ಚರಿಕೆ ವೃಥಾ ಆಡಂಬರವಲ್ಲ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಎಂಬ ಹೆಸರುಗಳು ಹುಳು ಸಾಕುವವರಿಗೆಲ್ಲ ಗೊತ್ತು. ಇವುಗಳಲ್ಲಿ ಗಂಟುರೋಗವಂತೂ ತಾಯಿಚಿಟ್ಟೆಯಿಂದ ಮೊಟ್ಟೆಗೇ ಇಳಿದು ಬರುವಂಥದು. ಹಿಂದೆ ಫ್ರಾನ್ಸ್ ದೇಶದ ರೇಷ್ಮೆಯ ಬೆಳೆಯನ್ನು ಈ ರೋಗವು ಹಾಳುಗೆಡವುತ್ತಿದ್ದಾಗ, 1865ರಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯು ಅದನ್ನು ಪರಿಶೀಲಿಸಲು ತೊಡಗಿ, ಕೆಲವು ವರ್ಷಗಳ ದುಡಿಮೆಯಿಂದ ಒಂದು ಉಪಾಯವನ್ನು ಸ್ಥಿರಪಡಿಸಿದನು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣಗಳು ಕಂಡುಬಂದರೆ ಅದರ ಮೊಟ್ಟೆಗಳನ್ನು ನಾಶಮಾಡುವುದು. ಇಂದಿಗೂ ರೋಗರಹಿತವಾದ ಮೊಟ್ಟೆಯನ್ನು ಸಿದ್ಧಪಡಿಸುವ ಕ್ರಮಕ್ಕೆ ಇದೇ ತಳಹದಿ. ಚಿಟ್ಟೆಯು ನೋಡುವುದಕ್ಕೆ ಲಕ್ಷಣವಾಗಿದೆಯೆಂದು ಯಾರೂ ಪರೀಕ್ಷೆಯನ್ನು ಬಿಡುವುದಿಲ್ಲ. ರೋಗವು ಕಣ್ಣಿಗೆ ಕಾಣುವುದಕ್ಕಿಂತ ಮೊದಲೇ ಹರಡಿಬಿಡುವುದೆಂಬ ತತ್ತ್ವವು ಈ ಸೀಮೆಯ ಒಕ್ಕಲುಮಕ್ಕಳಿಗೆ ಪುಸ್ತಕದಿಂದ ಕಲಿಯಬೇಕಾದುದಲ್ಲ.

ಹೀಗಿರುವಲ್ಲಿ, ಹುಳುವಿನ ವಿಷಯದಲ್ಲಿ ಇಷ್ಟು ಬಲ್ಲ ಮನೆಯೇ ಮನುಷ್ಯನ ವಿಷಯ ಬಂದಾಗ ಏಕೆ ಬಾಯಿ ಮುಚ್ಚಿಕೊಳ್ಳುವುದೆಂಬುದು ಯೋಚಿಸತಕ್ಕ ಮಾತು. ಸ್ತ್ರೀಪುರುಷರ ದೇಹಸಂಪರ್ಕದಿಂದ ಹರಡುವ ರೋಗಗಳು ಹಲವಿವೆ. ಅವುಗಳಲ್ಲಿ ಬಹುಭಾಗವನ್ನು ತಡೆಯಬಲ್ಲ ಒಂದು ಸಾಧನವೂ ಇದೆ. ಅದು ಅಗ್ಗವಾದುದು, ಅಂಗೈಯಲ್ಲಿ ಅಡಗುವಂಥದು, ಪಟ್ಟಣದ ಔಷಧದ ಅಂಗಡಿಗಳಲ್ಲಿ ಸಿಕ್ಕುವಂಥದು. ಹಳಬರು ಅದನ್ನು ನಿರೋಧ್ ಎಂದೂ ಹೊಸಬರು ಕಾಂಡೋಮ್ ಎಂದೂ ಕರೆಯುವರು. ಆದರೆ ವಿದ್ಯಾವಂತರ ಮನೆಗಳಲ್ಲಿಯೂ ಆ ಹೆಸರನ್ನು ಗಟ್ಟಿಯಾಗಿ ಉಚ್ಚರಿಸುವವರಿಲ್ಲ. ಅಂಗಡಿಯಲ್ಲಿ ಅದನ್ನು ಕೊಳ್ಳಲು ನಿಂತ ತರುಣನು, ಪಕ್ಕಕ್ಕೆ ಊರಿನ ದೊಡ್ಡವರೊಬ್ಬರು ಬಂದು ನಿಂತರೆಂದರೆ, ‘ಅಣ್ಣಾ, ಒಂದು ತಲೆನೋವಿನ ಮಾತ್ರೆ ಕೊಡಿ’ ಎಂದು ಮಾತು ತಿರುಗಿಸಿ, ಬಾರದ ತಲೆನೋವಿಗೆ ಮಾತ್ರೆಯನ್ನು ಹಿಡಿದು ಮನೆಗೆ ಹೋಗುವನು. ನಗಬಹುದಾದ ಸಂಗತಿಯೇ, ಆದರೆ ಆ ನಗೆಯ ಹಿಂದೆ ಒಂದು ಜೀವದ, ಕೆಲವೊಮ್ಮೆ ಎರಡು ಮೂರು ಜೀವಗಳ ಪ್ರಶ್ನೆಯುಂಟು.

ಈ ರೋಗಗಳ ಚರಿತ್ರೆಯನ್ನು ನೋಡಿದರೆ, ಮನುಷ್ಯನು ಅವುಗಳಿಗೆ ಮದ್ದು ಹುಡುಕಿದ್ದಕ್ಕಿಂತ ಮೊದಲು ಅಪರಾಧಿಯನ್ನು ಹುಡುಕಿದನೆಂಬುದು ತಿಳಿದುಬರುವುದು. ಹದಿನೈದನೆಯ ಶತಮಾನದ ಕೊನೆಯಲ್ಲಿ ಸಿಫಿಲಿಸ್ ಎಂಬ ರೋಗವು ಯೂರೋಪಿನಲ್ಲಿ ಹಬ್ಬಿದಾಗ ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ರಷ್ಯದವರು ಪೋಲೆಂಡಿನ ತಲೆಗೆ ಕಟ್ಟಿದರು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಅದು ಭಾರತಕ್ಕೆ ಬಂದಾಗ ಇಲ್ಲಿನವರೂ ಅದೇ ದಾರಿಯನ್ನು ಹಿಡಿದರು. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ವೈದ್ಯಗ್ರಂಥವಾದ ‘ಭಾವಪ್ರಕಾಶ’ದಲ್ಲಿ ಅದನ್ನು ಫಿರಂಗರೋಗವೆಂದು ಕರೆದಿರುವನು. ಫಿರಂಗಿಯವರಿಂದ ಬಂದದ್ದು ಎಂದು ಅರ್ಥ. ಹೆಸರು ಪರದೇಶದ್ದಾದರೆ ರೋಗವೂ ಪರರದೇ ಎಂಬ ಸಮಾಧಾನ ಮನಸ್ಸಿಗೆ ದೊರೆಯುವುದು.

ಮುಂದೆ ಆಂಗ್ಲರ ಆಳ್ವಿಕೆಯಲ್ಲಿ ಈ ಸಮಾಧಾನವೇ ಕಾನೂನಾಯಿತು. ದಂಡಿನ ಸಿಪಾಯಿಗಳಲ್ಲಿ ಗುಹ್ಯರೋಗಗಳು ಹೆಚ್ಚಿದಾಗ 1864ರ ಮತ್ತು 1868ರ ಶಾಸನಗಳ ಬಲದಿಂದ ಹೆಂಗಸರನ್ನು ಹಿಡಿತಂದು ಪರೀಕ್ಷಿಸಿ ಬೀಗ ಹಾಕಿದ ಆಸ್ಪತ್ರೆಗಳಲ್ಲಿ ಇಡುತ್ತಿದ್ದರು. ಬೆಂಗಳೂರಿನ ದಂಡಿನಲ್ಲಿಯೂ ಅಂತಹ ಆಸ್ಪತ್ರೆಯಿದ್ದಿತು. ಅದೇ ರೋಗವನ್ನು ಹೊತ್ತ ಗಂಡಸಿಗೆ ಅಂತಹ ಸೆರೆಯಿರಲಿಲ್ಲ. ರೋಗವು ಇಬ್ಬರ ನಡುವೆ ಸಂಚರಿಸುವಾಗ ಒಬ್ಬರನ್ನು ಮಾತ್ರ ಹಿಡಿದಿಟ್ಟರೆ ಅದು ನಿಲ್ಲುವುದೆಂತು? 1888ರಲ್ಲಿ ಆ ಶಾಸನ ರದ್ದಾಯಿತು. ಆದರೆ ‘ಅದು ಕೆಟ್ಟವರಿಗೆ ಬರುವ ರೋಗ’ ಎಂಬ ಭಾವನೆಯು ಶಾಸನದೊಡನೆ ರದ್ದಾಗಲಿಲ್ಲ. ಅದು ಇಂದಿಗೂ ಒಳ್ಳೆಯ ಮನೆಗಳ ನಡುಮನೆಯಲ್ಲಿ ನೆಲೆಸಿದೆ.

ವಾಸ್ತವವಾಗಿ ಈ ರೋಗಗಳು ಶೀಲವನ್ನು ವಿಚಾರಿಸಿ ಬರುವಂಥವಲ್ಲ. ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾ, ಟ್ರೈಕೊಮೋನಿಯಾಸಿಸ್ ಎಂಬ ನಾಲ್ಕು, ಔಷಧದಿಂದ ಗುಣವಾಗುವಂಥವು. ಎಚ್‌ಐವಿ, ಹೆಪಟೈಟಿಸ್ ಬಿ, ಹರ್ಪೀಸ್, ಎಚ್‌ಪಿವಿ ಎಂಬ ನಾಲ್ಕು ವೈರಸ್ಸಿನಿಂದ ಬರುವಂಥವು. 2020ರ ಒಂದೇ ವರ್ಷದಲ್ಲಿ ಮೊದಲಿನ ನಾಲ್ಕು ರೋಗಗಳ ಹೊಸ ಸೋಂಕುಗಳು ಪ್ರಪಂಚದಲ್ಲಿ 37 ಕೋಟಿ 40 ಲಕ್ಷದಷ್ಟಾದುವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಇವುಗಳಲ್ಲಿ ಬಹುಪಾಲು ಯಾವ ನೋವನ್ನೂ ಗುರುತನ್ನೂ ತೋರದೆ ಇರುವುದುಂಟು. ಹೆಂಗಸರಲ್ಲಂತೂ ಹಾಗೆ ಅಡಗಿರುವುದೇ ಹೆಚ್ಚು. ಕ್ಲಮೈಡಿಯಾ ಸದ್ದಿಲ್ಲದೆ ಗರ್ಭನಾಳಗಳನ್ನು ಕೆಡಿಸಿ ಬಂಜೆತನವನ್ನು ತರಬಲ್ಲದು. ‘ಮಕ್ಕಳಾಗಲಿಲ್ಲ’ ಎಂದು ಸೊಸೆಯನ್ನು ಜರೆಯುವ ಅತ್ತೆಗೆ, ಆ ಕೇಡು ತನ್ನ ಮಗನಿಂದಲೇ ಬಂದಿರಬಹುದೆಂದು ಹೊಳೆಯುವುದೇ ಇಲ್ಲ. ಸಿಫಿಲಿಸ್ ತಾಯಿಯಿಂದ ಗರ್ಭದ ಶಿಶುವಿಗೆ ಇಳಿಯುವುದು, ಗಂಟುರೋಗವು ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವಂತೆ. ಎಚ್‌ಐವಿಯಾದರೋ ವರ್ಷಗಟ್ಟಲೆ ಮೈಯಲ್ಲಿ ಮೌನವಾಗಿದ್ದು, ಹೊತ್ತವನಿಗೇ ತಿಳಿಯದಂತೆ ಮತ್ತೊಬ್ಬರಿಗೆ ದಾಟಬಲ್ಲದು.

ಇದಕ್ಕೆ ಅಡ್ಡವಾಗಿ ಒಂದು ಹೊದಿಕೆಯನ್ನು ಬಳಸುವ ಯೋಚನೆ ಹೊಸದಲ್ಲ. ಇಟಲಿಯ ವೈದ್ಯನಾದ ಗೇಬ್ರಿಯೆಲ್ ಫಲೋಪಿಯೊ ಎಂಬಾತನು ನಾರುಬಟ್ಟೆಯ ಚೀಲವೊಂದನ್ನು ಸಿಫಿಲಿಸ್ಸಿಗೆ ತಡೆಯಾಗಿ ಸೂಚಿಸಿದ್ದನು. ಆತನು ತೀರಿಕೊಂಡ ಮೇಲೆ 1564ರಲ್ಲಿ ಪ್ರಕಟವಾದ ಗ್ರಂಥದಲ್ಲಿ, 1,100 ಮಂದಿಯಲ್ಲಿ ಅದನ್ನು ಪ್ರಯೋಗಿಸಿದುದಾಗಿಯೂ ಒಬ್ಬನಿಗೂ ರೋಗ ತಗಲಲಿಲ್ಲವೆಂದೂ ಬರೆದಿದೆ. ಬಟ್ಟೆಗೆ ಅಷ್ಟು ಸಾಮರ್ಥ್ಯವಿರುವುದು ನಂಬತಕ್ಕದ್ದಲ್ಲವಾದರೂ, ಈ ಸಾಧನವು ಮಕ್ಕಳಾಗದಿರಲೆಂದು ಅಲ್ಲ, ರೋಗ ಬಾರದಿರಲೆಂದೇ ಮೊದಲು ಸೂಚಿತವಾಯಿತೆಂಬುದು ಗಮನಿಸತಕ್ಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ರಬ್ಬರನ್ನು ಹದಗೊಳಿಸುವ ವಿದ್ಯೆ ಬಂದ ಮೇಲೆ ರಬ್ಬರಿನವು ಬಂದುವು. 1920ರ ಈಚೆಗೆ ತೆಳುವಾದ ಲೇಟೆಕ್ಸಿನವು ಬಂದುವು.

ಮೈಸೂರು ಸೀಮೆಗೆ ಈ ವಿಷಯದಲ್ಲಿ ಒಂದು ಹಿರಿಮೆಯುಂಟು. ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದು, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ 1930ರಲ್ಲಿ ಮೈಸೂರು ಸರ್ಕಾರದವರು ಸಂತಾನನಿಯಂತ್ರಣದ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿದರು. ಸರ್ಕಾರವೇ ಮುಂದೆ ನಿಂತು ತೆರೆದ ಇಂತಹ ಕೇಂದ್ರಗಳಲ್ಲಿ ಪ್ರಪಂಚಕ್ಕೇ ಇವು ಮೊದಲಿನವೆಂದು ಹೆಸರಾಗಿವೆ. ಕಾನಕಾನಹಳ್ಳಿಯೆಂದು ಆಗ ಹೆಸರಿದ್ದ ಕನಕಪುರವೂ ಆ ಸಂಸ್ಥಾನದ್ದೇ. ಸ್ವಾತಂತ್ರ್ಯ ಬಂದ ಬಳಿಕ, 1968ರಲ್ಲಿ ಭಾರತ ಸರ್ಕಾರದವರು ನಿರೋಧ್ ಎಂಬ ಹೆಸರಿನಿಂದ ಇದನ್ನು ಪೇಟೆಗೆ ತಂದರು. ಮೂರಕ್ಕೆ 15 ಪೈಸೆ ಬೆಲೆ. ಚಹ, ಸಾಬೂನು, ಬೀಡಿಸಿಗರೇಟುಗಳು ಮುಟ್ಟಿದ ಊರಿಗೆ ಇದೂ ಮುಟ್ಟಲೆಂದು, ಅವುಗಳಂತಹ ಪದಾರ್ಥಗಳನ್ನು ಮಾರುವ ದೊಡ್ಡ ಕಂಪನಿಗಳ ಮೂಲಕವೇ ಹಂಚಿಸಿದರು. ಮೊದಲು ಹೊರದೇಶಗಳಿಂದ ತರಿಸಿ, 1969ರಿಂದ ತಿರುವನಂತಪುರದ ಹಿಂದುಸ್ತಾನ್ ಲೇಟೆಕ್ಸ್ ಕಾರ್ಖಾನೆಯಲ್ಲಿ ತಯಾರಿಸತೊಡಗಿದರು. ಬೆಳಗಾವಿ ಜಿಲ್ಲೆಯ ಕಣಗಲಾ ಎಂಬಲ್ಲಿಯೂ ಆ ಸಂಸ್ಥೆಯ ಕಾರ್ಖಾನೆಯೊಂದಿದೆ.

ಯೋಗಶಾಸ್ತ್ರದಲ್ಲಿ ಮನೋವೃತ್ತಿಗಳನ್ನು ತಡೆಯುವುದಕ್ಕೆ ಬಳಸಿದ ಘನವಾದ ಶಬ್ದವೇ ಈ ಸಾಧನಕ್ಕೆ ಹೆಸರಾಯಿತು. ಆದರೆ ತಡೆಯುವುದೆಂದರೆ ಏನನ್ನು? ಗೋಡೆಯ ಮೇಲಿನ ಕೆಂಪು ತ್ರಿಕೋನವು ಜನರಿಗೆ ಹೇಳಿದ್ದು ಒಂದೇ ಮಾತು: ಮಕ್ಕಳನ್ನು ಎಂದು. ಹೀಗಾಗಿ ಅದರ ಎರಡನೆಯ ಪ್ರಯೋಜನವು, ಚರಿತ್ರೆಯಲ್ಲಿ ಮೊದಲನೆಯದಾಗಿದ್ದ ಪ್ರಯೋಜನವು, ಮರೆಯಾಗಿ ಹೋಯಿತು. ಕರ್ನಾಟಕದ ಕುಟುಂಬಗಳು ಸಂತಾನವನ್ನು ಮಿತಗೊಳಿಸಲು ಹೆಚ್ಚಾಗಿ ನೆಚ್ಚಿರುವುದು ಹೆಂಗಸರ ಶಸ್ತ್ರಚಿಕಿತ್ಸೆಯನ್ನು. ಆದುದರಿಂದ ಆಶಾ ಕಾರ್ಯಕರ್ತೆಯು ಕಾಂಡೋಮಿನ ಮಾತೆತ್ತಿದರೆ, ‘ನಂಗೆ ಆಪರೇಷನ್ ಆಗೈತಲ್ಲಕ್ಕ, ಇನ್ಯಾಕೆ ಅದು?’ ಎಂಬ ಉತ್ತರ ಸಿದ್ಧವಾಗಿರುವುದು. ಆಪರೇಷನ್ನು ಗರ್ಭವನ್ನು ತಡೆಯುವುದು. ರೋಗಕ್ಕೆ ಅದು ಬಾಗಿಲು ಹಾಕುವುದಿಲ್ಲ. ಗುಳಿಗೆಯೂ ಹಾಗೆಯೇ, ವಂಕಿಯೂ ಹಾಗೆಯೇ. ಗರ್ಭವನ್ನೂ ರೋಗವನ್ನೂ ಒಟ್ಟಿಗೆ ತಡೆಯುವುದು ಕಾಂಡೋಮ್ ಒಂದೇ.

ಅದು ಕೆಲಸ ಮಾಡುವ ಬಗೆ ಬಹು ಸರಳವಾದುದು. ಎಚ್‌ಐವಿ, ಗೊನೋರಿಯಾ, ಕ್ಲಮೈಡಿಯಾ ಮುಂತಾದುವು ವೀರ್ಯದಲ್ಲಿ, ಯೋನಿಯ ದ್ರವದಲ್ಲಿ, ರಕ್ತದಲ್ಲಿ ಇದ್ದು, ಒಬ್ಬರ ಒಳಚರ್ಮದಿಂದ ಮತ್ತೊಬ್ಬರ ಒಳಚರ್ಮಕ್ಕೆ ದಾಟುವುವು. ಇವುಗಳ ನಡುವೆ ಲೇಟೆಕ್ಸಿನ ಪೊರೆಯೊಂದು ನಿಂತರೆ ದಾರಿ ಕಟ್ಟಿಹೋಗುವುದು. ವೈರಸ್ಸುಗಳು ಅತಿ ಸೂಕ್ಷ್ಮವಾದುವಾದರೂ ತೂತಿಲ್ಲದ ಲೇಟೆಕ್ಸನ್ನು ದಾಟಲಾರವೆಂದು ಪ್ರಯೋಗಶಾಲೆಗಳಲ್ಲಿ ಸ್ಥಿರಪಟ್ಟಿದೆ. ಕಾರ್ಖಾನೆಯಲ್ಲಿ ಪ್ರತಿಯೊಂದನ್ನೂ ವಿದ್ಯುತ್ತಿನ ಸಹಾಯದಿಂದ ತೂತಿಗಾಗಿ ಪರೀಕ್ಷಿಸಿಯೇ ಹೊರಗೆ ಬಿಡುವರು. ಸೋಂಕುಳ್ಳ ಒಬ್ಬರು, ಸೋಂಕಿಲ್ಲದ ಒಬ್ಬರು ಹೀಗಿರುವ ದಂಪತಿಗಳನ್ನು ವರ್ಷಗಟ್ಟಲೆ ಅನುಸರಿಸಿ ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಪ್ರತಿಸಲವೂ ಬಳಸಿದವರಲ್ಲಿ ಎಚ್‌ಐವಿ ದಾಟುವುದು ನೂರಕ್ಕೆ ಸುಮಾರು 80 ಪಾಲು ಕಡಮೆಯಾಗಿತ್ತು. ನೂರಕ್ಕೆ ನೂರು ಏಕಲ್ಲವೆಂದರೆ, ಪ್ರತಿಸಲವೂ ಬಳಸುವೆವೆನ್ನುವವರೆಲ್ಲ ಪ್ರತಿಸಲವೂ ಸರಿಯಾಗಿ ಬಳಸುವವರಲ್ಲ.

ಇದರ ಮಿತಿಯನ್ನೂ ಮರೆಮಾಚತಕ್ಕದ್ದಲ್ಲ. ಹರ್ಪೀಸ್, ಸಿಫಿಲಿಸ್, ಎಚ್‌ಪಿವಿ ಇವು ಚರ್ಮಕ್ಕೆ ಚರ್ಮ ತಾಗಿದರೂ ಹರಡಬಲ್ಲವು. ಹುಣ್ಣು ಅಥವಾ ಸೋಂಕು ಹೊದಿಕೆಯ ಹೊರಗಿನ ಜಾಗದಲ್ಲಿದ್ದರೆ ಹೊದಿಕೆಯು ಅಲ್ಲಿಗೆ ಮುಟ್ಟುವುದಿಲ್ಲ. ಆದುದರಿಂದ ಇವುಗಳಿಗೆ ಅದು ಅಪಾಯವನ್ನು ತಗ್ಗಿಸುವುದೇ ಹೊರತು ಇಲ್ಲವಾಗಿಸುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿಗೂ ಹೆಪಟೈಟಿಸ್ ಬಿಗೂ ಲಸಿಕೆಗಳಿವೆ. ಅವುಗಳನ್ನು ಹಾಕಿಸಿಕೊಳ್ಳುವುದು ಬೇರೆ ರಕ್ಷೆ. ಮನೆಗೆ ಬೀಗವೂ ಬೇಕು, ಹೊಲಕ್ಕೆ ಬೇಲಿಯೂ ಬೇಕು. ಒಂದಿದೆಯೆಂದು ಇನ್ನೊಂದನ್ನು ಬಿಡುವವನು ಜಾಣನಲ್ಲ.

ಬಳಸುವ ಕ್ರಮದಲ್ಲಿ ಜನರು ಮಾಡುವ ತಪ್ಪುಗಳು ಕೆಲವೇ. ಆದರೆ ಸಾಧನದ ಅಪಕೀರ್ತಿಗೆಲ್ಲ ಅವೇ ಕಾರಣ. ಲೇಟೆಕ್ಸಿಗೆ ಎಣ್ಣೆ ಶತ್ರು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ವ್ಯಾಸಲೀನು ಇವು ಯಾವುವನ್ನು ಸವರಿದರೂ ಅದು ಕೆಲವೇ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯುವುದು. ಜಾರಿಕೆ ಬೇಕಾದರೆ ನೀರಿನಿಂದ ತಯಾರಾದ ದ್ರವವನ್ನೇ ಬಳಸತಕ್ಕದ್ದು. ಬಿಸಿಲಿನಲ್ಲಿ ನಿಂತ ಲಾರಿಯ ಪೆಟ್ಟಿಗೆಯಲ್ಲಿಯೂ, ಅಂಟಿ ಕೂರುವ ಹಣದ ಚೀಲದಲ್ಲಿಯೂ ತಿಂಗಳುಗಟ್ಟಲೆ ಇಟ್ಟದ್ದು ಕೆಲಸಕ್ಕೆ ಬಾರದು. ಪೊಟ್ಟಣದ ಮೇಲಿನ ತಾರೀಖನ್ನು ನೋಡಬೇಕು, ಹಲ್ಲಿನಿಂದ ಹರಿಯಬಾರದು. ಸಂಪರ್ಕದ ನಡುವೆ ಅಲ್ಲ, ಆರಂಭಕ್ಕೆ ಮೊದಲೇ ಧರಿಸಬೇಕು. ತುದಿಯನ್ನು ಬೆರಳಿನಿಂದ ಹಿಂಡಿ ಗಾಳಿಯನ್ನು ತೆಗೆದು ಬುಡದವರೆಗೆ ಬಿಡಿಸಬೇಕು. ಮುಗಿದ ಕೂಡಲೆ ಬುಡದ ಬಳೆಯನ್ನು ಹಿಡಿದುಕೊಂಡು ಹೊರಬರಬೇಕು. ಒಂದರ ಮೇಲೊಂದು ಎರಡು ಧರಿಸಿದರೆ ರಕ್ಷೆ ಇಮ್ಮಡಿಯಾಗುವುದಿಲ್ಲ. ಒಂದಕ್ಕೊಂದು ಉಜ್ಜಿ ಹರಿಯಬಹುದು. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸತಕ್ಕದ್ದಲ್ಲ. ಇಷ್ಟೇ ಶಾಸ್ತ್ರ. ಹುಳುಮನೆಯ ಶಾಸ್ತ್ರ ಇದಕ್ಕಿಂತ ಉದ್ದವಾದುದು.

ಇನ್ನು, ಈ ಸಾಧನವು ಊರಿನ ಬಾಳಿನಲ್ಲಿ ನಿಜವಾಗಿ ಏನು ಮಾಡಬಲ್ಲದೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. 1986ರಲ್ಲಿ ಮದರಾಸಿನಲ್ಲಿ ಎಚ್‌ಐವಿಯು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದ ಮೇಲೆ, ಅದು ಹೆಚ್ಚಾಗಿ ಹಬ್ಬಿದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತು. 2004ರಲ್ಲಿ ಮೈಸೂರಿನಲ್ಲಿ, ಲೈಂಗಿಕ ವೃತ್ತಿಯಲ್ಲಿದ್ದ ಹೆಂಗಸರ ನಡುವೆ ಕೆಲಸವೊಂದು ಆರಂಭವಾಯಿತು. ಹಿಂದಿನಂತೆ ಅವರನ್ನು ಹಿಡಿದು ಬೀಗ ಹಾಕುವ ಬದಲು, ಅವರಲ್ಲಿಯೇ ಕೆಲವರು ಉಳಿದವರಿಗೆ ತಿಳಿಯಹೇಳುವುದು, ಕಾಂಡೋಮನ್ನು ಒದಗಿಸುವುದು, ಆಸ್ಪತ್ರೆಯಲ್ಲಿ ಮರ್ಯಾದೆಯಿಂದ ಚಿಕಿತ್ಸೆ ದೊರೆಯುವಂತೆ ಮಾಡುವುದು, ಪೊಲೀಸರ ಕಾಟವನ್ನು ತಪ್ಪಿಸುವುದು ಇವೇ ಆ ಕೆಲಸದ ಅಂಗಗಳು. ಮುಂದೆ ಇದು ಆಶೋದಯ ಸಮಿತಿಯೆಂಬ ಅವರದೇ ಸಂಸ್ಥೆಯಾಗಿ ಬೆಳೆಯಿತು. 2004ರಲ್ಲಿಯೂ 2006ರಲ್ಲಿಯೂ ನಡೆದ ಎರಡು ಸಮೀಕ್ಷೆಗಳನ್ನು ಹೋಲಿಸಿದಾಗ, ಅವರಲ್ಲಿ ಸಿಫಿಲಿಸ್ ನೂರಕ್ಕೆ 25ರಿಂದ 12ಕ್ಕೂ, ಟ್ರೈಕೊಮೋನಿಯಾಸಿಸ್ 33ರಿಂದ 14ಕ್ಕೂ, ಕ್ಲಮೈಡಿಯಾ 11ರಿಂದ 5ಕ್ಕೂ, ಗೊನೋರಿಯಾ 5ರಿಂದ 2ಕ್ಕೂ ಇಳಿದಿದ್ದುವು. ಎರಡು ವರ್ಷಗಳಲ್ಲಿ ಇಷ್ಟು ಇಳಿತವನ್ನು ಕಾಣುವುದು ಸಾಮಾನ್ಯವಲ್ಲ.

ಆ ಸಮೀಕ್ಷೆಯಲ್ಲಿಯೇ ಇನ್ನೊಂದು ಲೆಕ್ಕವಿದೆ. ವಿದ್ಯಾವಂತರ ಮನೆಗಳು ಓದಬೇಕಾದದ್ದು ಅದನ್ನು. ಎಂದೋ ಒಮ್ಮೆ ಬಂದು ಹೋಗುವ ಗಿರಾಕಿಯೊಡನೆ ಕಾಂಡೋಮಿನ ಬಳಕೆಯು ನೂರಕ್ಕೆ 65ರಿಂದ 90ಕ್ಕೆ ಏರಿತು. ಮತ್ತೆ ಮತ್ತೆ ಬರುವವರೊಡನೆ 53ರಿಂದ 66ಕ್ಕೆ ಏರಿತು. ಆದರೆ ಗಂಡನೊಡನೆಯೋ ಗಂಡನಂತೆ ಇರುವವನೊಡನೆಯೋ ಅದು 7ರಿಂದ 30ಕ್ಕೆ ಮಾತ್ರ ಬಂದಿತು. ಅಪರಿಚಿತನಿಗೆ ‘ಇದಿಲ್ಲದೆ ಆಗದು’ ಎಂದು ಹೇಳಬಲ್ಲ ಹೆಂಗಸಿಗೂ ತನ್ನವನ ಮುಂದೆ ಆ ಮಾತು ಗಂಟಲಿನಲ್ಲಿಯೇ ನಿಲ್ಲುವುದು. ಕಾರಣವೇನು? ಹಣ ಕೈಬದಲಾಗುವಲ್ಲಿ ಕಾಂಡೋಮ್ ವ್ಯವಹಾರದ ಒಂದು ನಿಯಮ. ವಿಶ್ವಾಸವಿರುವಲ್ಲಿ ಅದೇ ವಸ್ತು ಸಂಶಯದ ಮಾತಾಗುವುದು. ‘ನಿಮಗೆ ನನ್ನ ಮೇಲೆ ನಂಬಿಕೆ ಇಲ್ವಾ?’ ಎಂಬ ಒಂದು ಪ್ರಶ್ನೆಯ ಮುಂದೆ ಎಷ್ಟು ಅರಿವಿದ್ದರೂ ಸೋಲುವುದು.

ವೃತ್ತಿಯಲ್ಲಿ ಪಳಗಿದವರ ಗತಿಯೇ ಹೀಗಾದರೆ, ತಾಳಿ ಕಟ್ಟಿಸಿಕೊಂಡು ಬಂದ ಗೃಹಿಣಿಯ ಪಾಡನ್ನು ಊಹಿಸಬಹುದು. ಕೋಡಿಹಳ್ಳಿಯ ಕಡೆಯಿಂದ ಗಂಡಸರು ಬೆಂಗಳೂರಿಗೆ ಹೋಗಿ ದುಡಿಯುವರು. ಕೆಲವರು ಗಾಡಿ ಓಡಿಸುವರು, ಕೆಲವರು ಕಟ್ಟಡದ ಕೆಲಸದಲ್ಲಿರುವರು, ಕೆಲವರು ಓದುವರು. ಅವರಲ್ಲಿ ಹೆಚ್ಚಿನವರು ನೆಟ್ಟಗೆ ದುಡಿದು ನೆಟ್ಟಗೆ ಮನೆಗೆ ಬರುವವರೇ. ಯಾರೋ ಒಬ್ಬನು ಎಂದೋ ಒಂದು ರಾತ್ರಿ ಎಡವಿದನೆನ್ನಿ. ಹೆಣ್ಣಿನೊಡನೆಯೇ ಆಗಲಿ, ಗಂಡಿನೊಡನೆಯೇ ಆಗಲಿ. ಆತನು ಅದನ್ನು ಮನೆಯಲ್ಲಿ ಹೇಳುವುದಿಲ್ಲ. ಹೇಳದುದರಿಂದ ಮನೆಯಲ್ಲಿ ಕಾಂಡೋಮಿನ ಮಾತೂ ಏಳುವುದಿಲ್ಲ. ಏಳದುದರಿಂದ ಆ ರಾತ್ರಿಯ ಫಲವನ್ನು, ಆ ರಾತ್ರಿಯ ಸುಳಿವೇ ಇಲ್ಲದ ಹೆಂಗಸು ಉಣ್ಣುವಳು. ಆಕೆಯ ಶೀಲವು ಆಕೆಯನ್ನು ಕಾಯಲಿಲ್ಲ. ಅತ್ತೆಮಾವಂದಿರು, ತಾಯಿತಂದೆಯರು ಕಾಪಾಡಿಕೊಂಡು ಬಂದ ಲಜ್ಜೆಯೂ ಆಕೆಯನ್ನು ಕಾಯಲಿಲ್ಲ. ಆ ಲಜ್ಜೆಯು ಕಾದದ್ದು ರೋಗವನ್ನು.

ಇಲ್ಲಿ ಹುಳುಮನೆಯ ನಡೆಯನ್ನು ನೆನೆಯತಕ್ಕದ್ದು. ಕಾಲು ತೊಳೆಯುವ ಕಟ್ಟಳೆಯು ಎಲ್ಲರಿಗೂ ಒಂದೇ ಆದುದರಿಂದಲೇ ಅದು ಯಾರಿಗೂ ಅವಮಾನವಲ್ಲ. ‘ಅನುಮಾನ ಬಂದವರು ಮಾತ್ರ ತೊಳೆಯಿರಿ’ ಎಂದಿದ್ದರೆ ಒಬ್ಬ ನೆಂಟನೂ ಚೊಂಬನ್ನು ಮುಟ್ಟುತ್ತಿರಲಿಲ್ಲ, ಹುಳುವೂ ಉಳಿಯುತ್ತಿರಲಿಲ್ಲ. ಕಾಂಡೋಮನ್ನೂ ಅದೇ ಬಗೆಯಲ್ಲಿ, ಅನುಮಾನದ ಪಟ್ಟಿಯಿಂದ ತೆಗೆದು ಮನೆಯ ವಾಡಿಕೆಯ ಪಟ್ಟಿಗೆ ಸೇರಿಸಬೇಕಾಗಿದೆ. ಮದುವೆಯಾದ ಹೊಸತರಲ್ಲಿ, ಇಬ್ಬರೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವವರೆಗೆ, ಮಗುವಿಗೆ ಇನ್ನೂ ಆತುರವಿಲ್ಲವೆಂಬ ನೆಪದಲ್ಲಿಯೇ ಆಗಲಿ, ಅದು ಇದ್ದರೆ ಯಾರ ಮಾನಕ್ಕೂ ಕುಂದಿಲ್ಲ. ಮಗುವಿನ ಅಂತರಕ್ಕೆಂದು ತಂದ ಹೊದಿಕೆಯು ರೋಗದ ದಾರಿಯನ್ನೂ ಕೇಳದೆಯೇ ಕಟ್ಟುವುದು. ಯಾರೂ ಯಾರನ್ನೂ ಪ್ರಶ್ನಿಸಬೇಕಾದುದಿಲ್ಲ.

ಇದರಿಂದ ದುರಾಚಾರಕ್ಕೆ ಪ್ರೋತ್ಸಾಹವಾಗುವುದೆಂದು ಆಕ್ಷೇಪಿಸುವ ಸಜ್ಜನರಿದ್ದಾರೆ. ಅವರ ಕಳಕಳಿ ಸುಳ್ಳಲ್ಲ. ಆದರೆ ಬಾವಿಗೆ ಕಟ್ಟೆ ಕಟ್ಟಿದವನು ಬಾವಿಗೆ ಬೀಳಿರೆಂದು ಹೇಳಿದಂತಾಗುವುದಿಲ್ಲ. ಏಕಪತ್ನೀವ್ರತವೂ ಸಂಯಮವೂ ಉತ್ತಮವಾದ ರಕ್ಷೆಗಳೇ. ಆದರೆ ಅವು ಇಬ್ಬರೂ ಪಾಲಿಸಿದರೆ ಮಾತ್ರ ರಕ್ಷೆ, ಮತ್ತು ಇನ್ನೊಬ್ಬರು ಪಾಲಿಸಿದರೋ ಇಲ್ಲವೋ ಎಂಬುದು ಕಣ್ಣಿಗೆ ಕಾಣತಕ್ಕದ್ದಲ್ಲ. ತಪ್ಪಿದವನಿಗೆ ನೀತಿಯನ್ನು ಬೋಧಿಸಲು ಮುಂದೆ ಬೇಕಾದಷ್ಟು ಕಾಲವಿದೆ. ಅವನ ಹೆಂಡತಿಯೂ ಹುಟ್ಟಲಿರುವ ಮಗುವೂ ಆ ಬೋಧನೆಯ ಬೆಲೆಯನ್ನು ತೆರಬೇಕಾದುದು ನ್ಯಾಯವಲ್ಲ. ಥೈಲೆಂಡಿನಲ್ಲಿ 1991ರಿಂದ ವೇಶ್ಯಾಗೃಹಗಳಲ್ಲೆಲ್ಲ ಕಾಂಡೋಮನ್ನು ನಿಯಮವಾಗಿಸಿದಾಗ, ಕೆಲವೇ ವರ್ಷಗಳಲ್ಲಿ ಸರ್ಕಾರಿ ಚಿಕಿತ್ಸಾಲಯಗಳಿಗೆ ಬರುವ ಗುಹ್ಯರೋಗಿಗಳ ಸಂಖ್ಯೆ ಬಹುವಾಗಿ ಕುಸಿಯಿತು. ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ, ಬಸುರಿನ ಪರೀಕ್ಷೆಗೆ ಬಂದ 15ರಿಂದ 24 ವರ್ಷದ ಹೆಂಗಸರಲ್ಲಿ ಎಚ್‌ಐವಿಯು 2000ದಲ್ಲಿ ನೂರಕ್ಕೆ 1.7ರಷ್ಟಿದ್ದುದು 2004ರಲ್ಲಿ 1.1ಕ್ಕೆ ಇಳಿದಿತ್ತು. ಗಂಡಸರು ಹೊರಗೆ ಕಾಂಡೋಮನ್ನು ಹೆಚ್ಚಾಗಿ ಬಳಸತೊಡಗಿದುದೇ ಇದಕ್ಕೆ ಮುಖ್ಯ ಕಾರಣವಿರಬಹುದೆಂದು ಅದನ್ನು ಪರಿಶೀಲಿಸಿದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಆ ಹೆಂಗಸರಲ್ಲಿ ಬಹುಮಂದಿ ಗೃಹಿಣಿಯರೆಂಬುದನ್ನು ನೆನೆದರೆ, ಕಟ್ಟೆಯು ಯಾರನ್ನು ಕಾಯಿತೆಂಬುದು ತಿಳಿಯುವುದು.

ಎಡವಿದ್ದಾಗಿದೆ, ಕಟ್ಟೆಯಿರಲಿಲ್ಲ, ಈಗೇನು ಗತಿ ಎಂದು ಕೇಳುವವರಿಗೂ ದಾರಿಯುಂಟು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ರೋಗಗಳಿಗಾಗಿ ಸುರಕ್ಷಾ ಕ್ಲಿನಿಕ್ಕುಗಳಿವೆ. ಎಚ್‌ಐವಿಯ ಪರೀಕ್ಷೆಯೂ ಸಮಾಲೋಚನೆಯೂ ಗುಟ್ಟಾಗಿ, ವೆಚ್ಚವಿಲ್ಲದೆ ನಡೆಯುವುವು. 1097 ಎಂಬ ಸಂಖ್ಯೆಗೆ ಫೋನು ಮಾಡಿ ಹೆಸರು ಹೇಳದೆಯೇ ವಿಚಾರಿಸಬಹುದು. ಸಿಫಿಲಿಸ್ಸಿಗೆ ಇಂದಿಗೂ ಪೆನಿಸಿಲಿನ್ ದಿವ್ಯೌಷಧ. ಆದರೆ ಗಂಡನೊಬ್ಬನೇ ಗುಟ್ಟಾಗಿ ಮದ್ದು ತಿಂದು ಹೆಂಡತಿಯನ್ನು ಹಾಗೆಯೇ ಬಿಟ್ಟರೆ, ರೋಗವು ಅವಳಿಂದ ಅವನಿಗೆ ಮರಳಿ ಬರುವುದು. ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯತಕ್ಕದ್ದು. ಎಚ್‌ಐವಿಗೆ ಬೇರುಸಹಿತ ಕೀಳುವ ಮದ್ದು ಇಲ್ಲವಾದರೂ, 2004ರಿಂದ ಸರ್ಕಾರವೇ ಉಚಿತವಾಗಿ ಕೊಡುತ್ತಿರುವ ಔಷಧವನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಸ್ಸು ಪತ್ತೆಗೆ ಸಿಗದಷ್ಟು ಇಳಿದವರಿಂದ ಅದು ಸಂಭೋಗದ ಮೂಲಕ ಹರಡುವುದಿಲ್ಲ. ಅಂಥವರು ನೂರು ಕಾಲ ಬಾಳಬಹುದು, ಸೋಂಕಿಲ್ಲದ ಮಕ್ಕಳನ್ನೂ ಪಡೆಯಬಹುದು. ಅವರನ್ನು ಕೆಲಸದಿಂದ, ಶಾಲೆಯಿಂದ, ಆಸ್ಪತ್ರೆಯಿಂದ ದೂರವಿಡುವುದನ್ನು 2017ರ ಶಾಸನವು ನಿಷೇಧಿಸಿದೆ.

ಉಳಿದದ್ದು ಮಾತಿನ ಕೆಲಸ. ಬೆಂಗಳೂರಿಗೆ ಓದಲು ಹೊರಟ ಮಗನಿಗೆ ತಂದೆಯು ಬಸ್ಸಿನ ಖರ್ಚು, ಊಟದ ಖರ್ಚು, ಜೋಪಾನವಾಗಿರಬೇಕಾದ ಜನ ಇವೆಲ್ಲವನ್ನೂ ಹೇಳುವನು. ಈ ಒಂದು ವಿಷಯದಲ್ಲಿ ತಂದೆಗೆ ಬಾಯಿ ಬಾರದಿದ್ದರೆ ಸೋದರಮಾವನಿರುವನು. ಮಾವ ಅಳಿಯಂದಿರ ನಡುವೆ ಸಲಿಗೆಯನ್ನು ಹಿರಿಯರೇ ಒಪ್ಪಿರುವರು. ಮದುವೆಯಾಗಿ ಹೋಗುವ ಮಗಳಿಗೆ ತಾಯಿಯೋ, ಅತ್ತಿಗೆಯೋ, ಊರಿನ ನರ್ಸಮ್ಮನೋ ನಾಲ್ಕು ಮಾತು ಹೇಳಬಹುದು. ಅದಕ್ಕೆ ಉಪನ್ಯಾಸ ಬೇಕಿಲ್ಲ. ಇಂಥ ರೋಗಗಳುಂಟು, ಅವು ಮುಖ ನೋಡಿ ಗುರುತು ಹಿಡಿಯುವಂಥವಲ್ಲ, ಇದೊಂದು ತಡೆಯುಂಟು, ಇದನ್ನು ಕೇಳುವುದು ತಪ್ಪಲ್ಲ, ಏನಾದರೂ ಆದರೆ ಮುಚ್ಚಿಡದೆ ಡಾಕ್ಟರ ಬಳಿಗೆ ಹೋಗು: ಇಷ್ಟು ಹೇಳಲು ಒಲೆಯ ಮೇಲಿನ ಹಾಲು ಕಾಯುವಷ್ಟು ಹೊತ್ತು ಸಾಕು.

ಮೊದಲ ಸಲ ಹೇಳುವವರಿಗೂ ಕೇಳುವವರಿಗೂ ಮುಖ ಕೆಂಪಾಗುವುದು ಸಹಜ. ಸಿಡುಬಿಗೆ ದೇವಿ ಹಾಕಿಸಿಕೊಳ್ಳಲು ಒಂದು ಕಾಲದಲ್ಲಿ ಊರುಗಳೇ ಹೆದರಿದ್ದುವು. ಆ ಹೆದರಿಕೆ ಹೋಯಿತು, ಸಿಡುಬೂ ಭೂಮಿಯಿಂದ ಹೋಯಿತು. ಮುಖದ ಕೆಂಪು ಅರೆಗಳಿಗೆಯಲ್ಲಿ ಇಳಿಯುವುದು. ಹೇಳದೆ ಉಳಿದ ಮಾತಿನ ಫಲವಾದರೋ ಒಂದು ಹೆಣ್ಣಿನ ಆಯುಸ್ಸಿನ ಉದ್ದಕ್ಕೂ ಇಳಿಯದೆ ಇರಬಹುದು.